ಹಳೆಯ ಕಂಪ್ಯೂಟರ್‌ನಲ್ಲಿ ವಿಡಿಯೊ ತಡೆದು ತಡೆದು ಓಡಿದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ಕಂಪ್ಯೂಟರ್ ರಿಪೇರಿ ನನ್ನ ಕೆಲಸ. ಸಕಲೇಶಪುರ, ಆಲೂರು, ಬೇಲೂರು, ಅರಕಲಗೂಡು ಕಡೆಯಿಂದ ಸಿಪಿಯು ಪೆಟ್ಟಿಗೆಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬರುವವರಿದ್ದಾರೆ. ಅವರಲ್ಲಿ ಬಹಳ ಜನ ಹೇಳುವುದು ಒಂದೇ ಮಾತು, "ವಿಡಿಯೊ ಸ್ಟ್ರಕ್ ಆಗ್ತದೆ ಸಾರ್". ಎಷ್ಟೋ ಸಲ ಅದು ಮನೆಯಲ್ಲೇ ಕೂತು ಸರಿಮಾಡಿಕೊಳ್ಳಬಹುದಾದ ತೊಂದರೆ. ಒಂದು ದಿನದ ಕೆಲಸ ಬಿಟ್ಟು, ಬಸ್ ಚಾರ್ಜು ಕೊಟ್ಟು ಬರಬೇಕಾಗಿರಲಿಲ್ಲ. ಫೋನಿನಲ್ಲಿ ತುಂಡು ತುಂಡಾಗಿ ಹೇಳುತ್ತಿದ್ದುದನ್ನೆಲ್ಲ ಇಲ್ಲಿ ಬರೆದಿಟ್ಟಿದ್ದೇನೆ.

ವಿಡಿಯೊ ತಡೆದು ತಡೆದು ಓಡುತ್ತದೆ. ಮೊದಲು ಏನನ್ನು ನೋಡಲಿ?

ಚಿತ್ರ ನಿಂತಾಗ ಪರದೆಯ ನಡುವೆ ಉಂಗುರ ಸುತ್ತುತ್ತದೆಯೋ ಇಲ್ಲವೋ, ಅದನ್ನು ನೋಡಿ. ಮಿಕ್ಕಿದ್ದೆಲ್ಲ ಆಮೇಲೆ.

ಉಂಗುರ ಸುತ್ತುತ್ತಾ ಚಿತ್ರ, ಧ್ವನಿ ಎರಡೂ ನಿಂತು, ಸ್ವಲ್ಪ ಹೊತ್ತಿನ ಮೇಲೆ ಎರಡೂ ಒಟ್ಟಿಗೇ ಹೊರಟರೆ ವಿಡಿಯೊ ನಿಮ್ಮ ಮನೆಯವರೆಗೆ ಬಂದು ಮುಟ್ಟುತ್ತಿಲ್ಲ. ಅದು ನೆಟ್‌ನ ತೊಂದರೆ. ಉಂಗುರವೇ ಇಲ್ಲ, ಮಾತು ಸಲೀಸಾಗಿ ಕೇಳುತ್ತಿದೆ, ಚಿತ್ರ ಮಾತ್ರ ಕುಂಟುತ್ತಿದೆ, ತುಟಿಗೂ ಮಾತಿಗೂ ತಾಳೆಯಾಗುತ್ತಿಲ್ಲ ಎಂದರೆ ವಿಡಿಯೊ ಬಂದು ತಲುಪಿದೆ, ಅದನ್ನು ಬಿಚ್ಚಿ ತೋರಿಸಲು ಕಂಪ್ಯೂಟರ್‌ಗೆ ಆಗುತ್ತಿಲ್ಲ.

ಇನ್ನೂ ಅನುಮಾನವಿದ್ದರೆ ಯೂಟ್ಯೂಬ್‌ನಲ್ಲಿ ಒಂದು ವಿಡಿಯೊ ಹಾಕಿ, ಪಾಸ್ ಒತ್ತಿ, ಕೆಳಗಿನ ಬೂದುಬಣ್ಣದ ಪಟ್ಟಿ ಮುಂದಕ್ಕೆ ಹರಿಯುವವರೆಗೆ ಕಾಯಿರಿ. ಆಮೇಲೆ ಪ್ಲೇ ಒತ್ತಿ. ಆ ಬೂದು ಭಾಗ ಮುಗಿಯುವ ತನಕ ಸರಾಗವಾಗಿ ಓಡಿದರೆ ನೆಟ್ ಸೋತಿದೆ. ಆಗಲೂ ಕುಂಟಿದರೆ ಕಂಪ್ಯೂಟರ್ ಸೋತಿದೆ.

ಧ್ವನಿ ನಿಲ್ಲದೆ ಚಿತ್ರ ಮಾತ್ರ ಏಕೆ ಕುಂಟುತ್ತದೆ ಎಂದು ಕೇಳುವವರಿದ್ದಾರೆ. ಒಂದು ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರ) ಇರುವ ವಿಡಿಯೊದಲ್ಲಿ ಒಂದೊಂದು ಫ್ರೇಮನ್ನು ಬಿಚ್ಚಿ ತೋರಿಸಲು ಸಿಗುವ ಸಮಯ 40 ಮಿಲಿಸೆಕೆಂಡ್. 60 ಫ್ರೇಮ್ ಇದ್ದರೆ 17 ಮಿಲಿಸೆಕೆಂಡಿಗೂ ಒಂದಿಷ್ಟು ಕಡಿಮೆ. ಅಷ್ಟರೊಳಗೆ ಕೆಲಸ ಮುಗಿಯದಿದ್ದರೆ ಪ್ಲೇಯರ್ ಆ ಫ್ರೇಮನ್ನು ಬಿಸಾಡಿ, ಧ್ವನಿಯ ಜೊತೆ ಹೆಜ್ಜೆ ಹಾಕಲು ಮುಂದಕ್ಕೆ ಜಿಗಿಯುತ್ತದೆ. ಧ್ವನಿ ಬಿಚ್ಚುವುದು ಹಗುರ ಕೆಲಸ, ಅದು ಎಂಥ ಹಳೆಯ ಯಂತ್ರದಲ್ಲೂ ತಪ್ಪುವುದಿಲ್ಲ.

ಈ ಒಂದು ಪರೀಕ್ಷೆ ಮಾಡದೆ ದುಡ್ಡು ಖರ್ಚು ಮಾಡಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಕೆಲಸ ಶುರುಮಾಡಿದ ಹೊಸದರಲ್ಲಿ ಅರಕಲಗೂಡು ಕಡೆಯ ಒಬ್ಬ ರೈತರಿಗೆ ರ್ಯಾಮ್ ಜಾಸ್ತಿ ಮಾಡಿಸಿ ಎಂದಿದ್ದೆ. ಅವರು ಹಾಕಿಸಿದರು, ವಿಡಿಯೊ ಒಂದು ಕೂದಲೆಳೆಯಷ್ಟೂ ಸುಧಾರಿಸಲಿಲ್ಲ. ಆಮೇಲೆ ನೋಡಿದರೆ ಗ್ರಾಫಿಕ್ಸ್ ಡ್ರೈವರ್ರೇ, ಅಂದರೆ ಗ್ರಾಫಿಕ್ಸ್ ಚಿಪ್ಪನ್ನು ನಡೆಸುವ ಸಾಫ್ಟ್‌ವೇರೇ ಇರಲಿಲ್ಲ. ಆ ದುಡ್ಡನ್ನು ವಾಪಸ್ ಕೊಟ್ಟೆ, ಆದರೆ ಎರಡು ಸಲ ಅವರನ್ನು ಬಸ್ಸಿನಲ್ಲಿ ಓಡಾಡಿಸಿದ್ದು ಇನ್ನೂ ಮನಸ್ಸಿನಲ್ಲಿದೆ.

ನಮ್ಮದು ನೆಟ್ ತೊಂದರೆಯೇ. ಎಷ್ಟು ಸ್ಪೀಡ್ ಬೇಕು?

360ಪಿ, 720ಪಿ, 4ಕೆ ಎಂಬುವು ಚಿತ್ರದ ಸ್ಪಷ್ಟತೆಯ ಅಳತೆಗಳು. ಯೂಟ್ಯೂಬ್ ತಾನೇ ಹೇಳುವ ಲೆಕ್ಕದಲ್ಲಿ 360ಪಿಗೆ ಸೆಕೆಂಡಿಗೆ 0.7 ಮೆಗಾಬಿಟ್, 480ಪಿಗೆ 1.1, 720ಪಿಗೆ 2.5, 1080ಪಿಗೆ 5, 4ಕೆಗೆ 20 ಮೆಗಾಬಿಟ್ ಸಾಕು. ಅಂದರೆ 720ಪಿ ನೋಡಲು ದೊಡ್ಡ ಪ್ಲಾನ್ ಬೇಡ. ಆದರೆ ಆ ಸ್ಪೀಡ್ ಕಂಪ್ಯೂಟರ್ ಇರುವ ಜಾಗದಲ್ಲಿ ಸಿಗಬೇಕು, ರೂಟರ್ ಪಕ್ಕದಲ್ಲಿ ಸಿಕ್ಕರೆ ಪ್ರಯೋಜನವಿಲ್ಲ. ತೋಟದ ಹಳೆಯ ಮನೆಗಳಲ್ಲಿ ಗೋಡೆಗಳು ಒಂದೂವರೆ ಅಡಿ ದಪ್ಪ. ಎರಡು ಗೋಡೆ ದಾಟುವಷ್ಟರಲ್ಲಿ ವೈಫೈ ಸುಸ್ತಾಗಿರುತ್ತದೆ. ಒಂದು ಉದ್ದದ ಲ್ಯಾನ್ ಕೇಬಲ್ ಎಳೆದು ನೋಡಿ. ಬಹಳ ಮನೆಗಳಲ್ಲಿ ಅಷ್ಟಕ್ಕೇ ತೊಂದರೆ ಮುಗಿದಿದೆ.

ನೆಟ್ ಚೆನ್ನಾಗಿದೆ. ಮಗಳ ಮೊಬೈಲ್‌ನಲ್ಲಿ ಅದೇ ವಿಡಿಯೊ ನೀರು ಹರಿದಂತೆ ಓಡುತ್ತದೆ. ಇಷ್ಟು ದೊಡ್ಡ ಕಂಪ್ಯೂಟರ್‌ಗೆ ಏನಾಗಿದೆ?

ಕಂಪ್ಯೂಟರ್ ಕೆಟ್ಟಿಲ್ಲ. ವಿಡಿಯೊಗಳು ಬದಲಾಗಿವೆ.

ಕ್ಯಾಮೆರಾದಲ್ಲಿ ಹಿಡಿದ ಚಿತ್ರವನ್ನು ಹಾಗೇ ಇಟ್ಟರೆ ಒಂದು ಗಂಟೆಗೆ ಒಂದು ಇಡೀ ಹಾರ್ಡ್‌ಡಿಸ್ಕ್ ಬೇಕಾದೀತು. ಹಾಗಾಗಿ ಅದನ್ನು ಸೀರೆ ಮಡಿಸಿದಂತೆ ಬಿಗಿಯಾಗಿ ಮಡಿಸಿ ಇಡುತ್ತಾರೆ. ಮಡಿಸುವ ಆ ವಿಧಾನಕ್ಕೆ ಕೋಡೆಕ್ ಎಂದು ಹೆಸರು. ನೋಡುವಾಗ ಕಂಪ್ಯೂಟರ್ ಅದನ್ನು ಬಿಚ್ಚಬೇಕು. 2003ರಲ್ಲಿ ಬಂದ ಎಚ್.264 ಎಂಬ ಕೋಡೆಕ್ ಬಹಳ ಕಾಲ ಎಲ್ಲೆಡೆ ನಡೆಯಿತು. 2013ರಲ್ಲಿ ಎಚ್.265 ಬಂತು, ಇದನ್ನೇ ಎಚ್‌ಇವಿಸಿ ಎನ್ನುತ್ತಾರೆ. ಅದೇ ವರ್ಷ ಗೂಗಲ್‌ನ ವಿಪಿ9 ಬಂತು. 2018ರಲ್ಲಿ ಎವಿ1. ಒಂದಕ್ಕಿಂತ ಒಂದು ಬಿಗಿಯಾದ ಮಡಿಕೆ. ಫೈಲ್ ಸಣ್ಣದಾಗುತ್ತದೆ, ನೆಟ್ ಡೇಟಾ ಉಳಿಯುತ್ತದೆ, ಆದರೆ ಬಿಚ್ಚುವ ಕೆಲಸ ಹೆಚ್ಚು.

ಈ ಕೆಲಸವನ್ನು ಮಾಡಲು ಗ್ರಾಫಿಕ್ಸ್ ಚಿಪ್‌ನೊಳಗೆ ಪ್ರತ್ಯೇಕ ಜಾಗವೊಂದು ಇರುತ್ತದೆ. ಚಿಪ್ ಮಾಡಿದ ವರ್ಷದಲ್ಲಿ ಯಾವ ಕೋಡೆಕ್ ಇತ್ತೋ ಅದನ್ನು ಮಾತ್ರ ಅದು ಬಲ್ಲದು. ಆಮೇಲೆ ಬಂದದ್ದನ್ನು ಕಲಿಯಲಾರದು, ಯಾವ ಅಪ್‌ಡೇಟ್ ಹಾಕಿದರೂ ಅಷ್ಟೇ. ಆಗ ಇಡೀ ಹೊರೆ ಪ್ರೊಸೆಸರ್ ತಲೆ ಮೇಲೆ ಬೀಳುತ್ತದೆ. ಇಂಟೆಲ್‌ನ ಲೆಕ್ಕ ಹೇಳುತ್ತೇನೆ, ನಮ್ಮ ಕಡೆ ಹೆಚ್ಚು ಇರುವುದು ಅದೇ. 2011ರ ಎರಡನೇ ಜನರೇಶನ್ ಚಿಪ್‌ಗಳು ಎಚ್.264 ಅನ್ನು ತಾವೇ ಬಿಚ್ಚುತ್ತವೆ. ಎಚ್.265 ಅನ್ನು ಪೂರ್ತಿಯಾಗಿ ಬಿಚ್ಚಲು 2015ರ ಆರನೇ ಜನರೇಶನ್ ಬೇಕು. ವಿಪಿ9ಗೆ ಏಳನೆಯದು. ಎವಿ1ಗೆ 2020ರಲ್ಲಿ ಬಂದ ಹನ್ನೊಂದನೆಯದು. ಇವೆಲ್ಲಕ್ಕೂ ಹಿಂದಿನ ಕೋರ್ 2 ಡ್ಯುಯೊ ಕಾಲದ ಬಹಳಷ್ಟು ಬೋರ್ಡ್‌ಗಳಲ್ಲಿ ಎಚ್.264ಗೂ ನೆರವಿಲ್ಲ.

ಮಗಳ ಮೊಬೈಲ್ ಚಿಕ್ಕದಾದರೂ ಅದರ ಚಿಪ್ ಈಚಿನದು, ಈ ಕೋಡೆಕ್‌ಗಳನ್ನು ಬಿಚ್ಚುವ ಜಾಗ ಅದರಲ್ಲಿದೆ. ವ್ಯತ್ಯಾಸ ಇರುವುದು ಅಷ್ಟರಲ್ಲೇ.

ನಮ್ಮದು ಯಾವ ಜನರೇಶನ್ ಎಂದು ಹೇಗೆ ಗೊತ್ತಾಗುತ್ತದೆ?

ವಿಂಡೋಸ್ ಕೀ ಜೊತೆ ಪಾಸ್ ಅಥವಾ ಬ್ರೇಕ್ ಎಂದಿರುವ ಕೀ ಒತ್ತಿ, ಪ್ರೊಸೆಸರ್ ಹೆಸರು ಬರುತ್ತದೆ. ಐ3, ಐ5 ಆದಮೇಲೆ ನಾಲ್ಕು ಅಂಕಿ ಇದ್ದರೆ ಸಾಮಾನ್ಯವಾಗಿ ಮೊದಲನೆಯದೇ ಜನರೇಶನ್: 2120 ಎಂದರೆ ಎರಡು, 4170 ಎಂದರೆ ನಾಲ್ಕು. ಮೂರೇ ಅಂಕಿ ಇದ್ದರೆ ಸಾಮಾನ್ಯವಾಗಿ ಮೊದಲ ಜನರೇಶನ್.

ಯೂಟ್ಯೂಬ್ ಮಾತ್ರ ಕುಂಟುತ್ತದೆ, ಡೌನ್‌ಲೋಡ್ ಮಾಡಿಟ್ಟ ಹಳೆಯ ಸಿನಿಮಾ ಚೆನ್ನಾಗಿ ಓಡುತ್ತದೆ. ಏಕೆ?

ಆ ಸಿನಿಮಾ ಎಚ್.264 ಇರಬೇಕು. ಯೂಟ್ಯೂಬ್ ಈಗ ಬ್ರೌಸರ್‌ಗೆ ಹೆಚ್ಚಾಗಿ ವಿಪಿ9 ಅಥವಾ ಎವಿ1 ಕಳಿಸುತ್ತದೆ. ಬ್ರೌಸರ್ "ನನಗೆ ಬರುತ್ತದೆ" ಎಂದು ಒಪ್ಪಿಕೊಳ್ಳುತ್ತದೆ, ಕಷ್ಟಪಡುವುದು ಪ್ರೊಸೆಸರ್.

ವಿಡಿಯೊ ಮೇಲೆ ಮೌಸಿನ ಬಲ ಬಟನ್ ಒತ್ತಿ, ಕೊನೆಯಲ್ಲಿ "ಸ್ಟ್ಯಾಟ್ಸ್ ಫಾರ್ ನರ್ಡ್ಸ್" ಎಂದಿರುತ್ತದೆ, ಅದನ್ನು ಆರಿಸಿ. ಕೋಡೆಕ್ಸ್ ಎಂಬ ಸಾಲಿನಲ್ಲಿ ಎವಿಸಿ1 ಎಂದಿದ್ದರೆ ಎಚ್.264. ವಿಪಿ09 ಎಂದರೆ ವಿಪಿ9, ಎವಿ01 ಎಂದರೆ ಎವಿ1. ಅಲ್ಲೇ ಫ್ರೇಮ್ಸ್ ಎಂಬಲ್ಲಿ ಎಷ್ಟರಲ್ಲಿ ಎಷ್ಟು "ಡ್ರಾಪ್ಡ್" ಎಂದು ಲೆಕ್ಕ ಏರುತ್ತಿರುತ್ತದೆ. ಶುರುವಿನಲ್ಲಿ ನಾಲ್ಕಾರು ಬಿದ್ದರೆ ಏನೂ ಅಲ್ಲ. ಪ್ರತಿ ಸೆಕೆಂಡೂ ಏರುತ್ತಲೇ ಹೋದರೆ ಕಂಪ್ಯೂಟರ್‌ಗೆ ಭಾರವಾಗಿದೆ.

ಇದಕ್ಕೆ ಖರ್ಚಿಲ್ಲದ ಮದ್ದು ಎಚ್264ಇಫೈ ಎಂಬ ಸಣ್ಣ ಎಕ್ಸ್‌ಟೆನ್ಶನ್. ಹೆಸರಿನ ಮುಂದೆ ಎನ್‌ಹ್ಯಾನ್ಸ್ಡ್ ಎಂದಿರುವುದೂ ಒಂದಿದೆ. ನಿಮ್ಮ ಬ್ರೌಸರ್‌ಗೆ ಸಿಗುವುದನ್ನು ಹಾಕಿಕೊಳ್ಳಿ. ಅದು ಯೂಟ್ಯೂಬ್‌ಗೆ ಎಚ್.264 ಮಾತ್ರ ಕೊಡು ಎಂದು ಹೇಳುತ್ತದೆ. ಯೂಟ್ಯೂಬ್ ಎಚ್.264 ಅನ್ನು 1080ಪಿಗಿಂತ ಮೇಲೆ ಕೊಡುವುದಿಲ್ಲ, ಹಾಗಾಗಿ 4ಕೆ ಆಯ್ಕೆ ಕಾಣೆಯಾಗುತ್ತದೆ. ಹಳೆಯ ಮಾನಿಟರ್‌ನಲ್ಲಿ ಅದರಿಂದ ಕಳೆದುಕೊಳ್ಳುವುದು ಏನೂ ಇಲ್ಲ. ಎರಡನೇ ಜನರೇಶನ್ ಐ3 ಇಟ್ಟುಕೊಂಡವರು ಇದನ್ನು ಹಾಕಿದ ದಿನ ಫೋನ್ ಮಾಡಿ "ಹೊಸ ಕಂಪ್ಯೂಟರ್ ಬಂದಂಗಾಯ್ತು" ಎಂದಿದ್ದಾರೆ.

ಎಕ್ಸ್‌ಟೆನ್ಶನ್ ಬೇಡವೆಂದರೆ ಗೇರ್ ಗುರುತು ಒತ್ತಿ ಕ್ವಾಲಿಟಿಯನ್ನು ನೀವೇ 720ಪಿ ಅಥವಾ 480ಪಿಗೆ ಇಳಿಸಿ. 720ರ ಪಕ್ಕದಲ್ಲಿ 60 ಎಂದು ಬರೆದಿದ್ದರೆ ಸೆಕೆಂಡಿಗೆ 60 ಫ್ರೇಮ್, ಅಂದರೆ ಎರಡುಪಟ್ಟು ಕೆಲಸ. ಅಂಥ ವಿಡಿಯೊಗಳಲ್ಲಿ 480ಪಿಗೆ ಇಳಿದರೆ ಸಾಮಾನ್ಯವಾಗಿ 30ಕ್ಕೆ ಬರುತ್ತದೆ.

ಹಾಸನಾಂಬ ದೇವಿಯ ದರ್ಶನ ಲೈವ್ ನೋಡುವಾಗ ಮಾತ್ರ ತಡೆಯುತ್ತದೆ.

ಹಾಸನಾಂಬ ಗುಡಿ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ಆಶ್ವಯುಜದಲ್ಲಿ. ವಯಸ್ಸಾದವರು ಮನೆಯಲ್ಲೇ ಕೂತು ನೋಡುತ್ತಾರೆ, ಆಗ ತಡೆದರೆ ಅವರಿಗೆ ಎಷ್ಟು ಬೇಸರವೆಂದು ಬಲ್ಲೆ. ಲೈವ್‌ನಲ್ಲಿ ವಿಡಿಯೊ ಮುಂಚಿತವಾಗಿ ಬಂದು ಕೂರಲು ಸಮಯವಿಲ್ಲ. ಒಂದರ್ಧ ನಿಮಿಷ ಪಾಸ್ ಮಾಡಿ, ಆಮೇಲೆ ಪ್ಲೇ ಒತ್ತಿ. ಅರ್ಧ ನಿಮಿಷ ಹಿಂದೆ ಇರುತ್ತೀರಿ, ಆದರೆ ಅಷ್ಟು ಕೂಡಿಟ್ಟ ವಿಡಿಯೊ ಕೈಯಲ್ಲಿರುತ್ತದೆ. ಜೊತೆಗೆ 480ಪಿ ಇಟ್ಟುಕೊಳ್ಳಿ. ಲೈವ್ ಎಂಬ ಕೆಂಪು ಗುರುತನ್ನು ಮತ್ತೆ ಒತ್ತಬೇಡಿ, ಒತ್ತಿದರೆ ಕೂಡಿಟ್ಟದ್ದು ಹೋಗುತ್ತದೆ.

ಮದುವೆ ವಿಡಿಯೊವನ್ನು ಪೆನ್‌ಡ್ರೈವ್‌ನಲ್ಲಿ ಕೊಟ್ಟಿದ್ದಾರೆ. ನಮ್ಮ ಕಂಪ್ಯೂಟರ್‌ನಲ್ಲಿ ಚಿತ್ರ ಕಲ್ಲಿನ ಹಾಗೆ ನಿಲ್ಲುತ್ತದೆ. ಪೆನ್‌ಡ್ರೈವ್ ಕೆಟ್ಟಿದೆಯೇ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಮದುವೆ ಸೀಸನ್ ಮುಗಿದ ಮೇಲೆ ವಾರಕ್ಕೆ ಒಬ್ಬರಾದರೂ ಬರುತ್ತಾರೆ. ಹುಡುಗಿಯನ್ನು ಕಳಿಸಿಕೊಟ್ಟ ಮನೆಯವರು, ಅಜ್ಜಿಗೆ ಧಾರೆ ನೋಡುವ ಆಸೆ, ಹಾಕಿದರೆ ಮಾಂಗಲ್ಯಧಾರಣೆ ಹೊತ್ತಿಗೆ ಚಿತ್ರ ನಿಂತುಬಿಡುತ್ತದೆ. ಅದಕ್ಕೇ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಪೆನ್‌ಡ್ರೈವ್ ಮೇಲೆ ಅನುಮಾನವಿದ್ದರೆ ಫೈಲನ್ನು ಡೆಸ್ಕ್‌ಟಾಪ್‌ಗೆ ಕಾಪಿ ಮಾಡಿ, ಅಲ್ಲಿಂದ ಓಡಿಸಿ. ಈಗ ಸರಿಹೋಯಿತೆಂದರೆ ಪೆನ್‌ಡ್ರೈವೋ ಪೋರ್ಟೋ ನಿಧಾನ, ವಿಷಯ ಮುಗಿಯಿತು. ಆದರೆ ಸಾಮಾನ್ಯವಾಗಿ ಅದಲ್ಲ. ಈಗಿನ ವಿಡಿಯೊಗ್ರಾಫರ್‌ಗಳು ಹಲವರು 4ಕೆಯಲ್ಲಿ ಹಿಡಿದು 4ಕೆಯಲ್ಲೇ ಕೊಡುತ್ತಾರೆ. 720ಪಿಯ ಒಂದು ಫ್ರೇಮ್‌ನಲ್ಲಿ 9 ಲಕ್ಷ ಚಿಲ್ಲರೆ ಚುಕ್ಕಿಗಳಿರುತ್ತವೆ. 1080ಪಿಯಲ್ಲಿ 20 ಲಕ್ಷದ ಮೇಲೆ. 4ಕೆಯಲ್ಲಿ ಸುಮಾರು 83 ಲಕ್ಷ. ಅದರ ಮೇಲೆ ಎಚ್.265 ಮಡಿಕೆ. 2012ರ ಕಂಪ್ಯೂಟರ್ ಅದನ್ನು ಸೆಕೆಂಡಿಗೆ 25 ಸಲ ಬಿಚ್ಚಬೇಕು ಎಂದು ಕೇಳುವುದು ಅನ್ಯಾಯ. ಮತ್ತೆ, ನಿಮ್ಮ ಮಾನಿಟರ್ ತೋರಿಸುವುದೇ 1366×768 ಚುಕ್ಕಿ ಆಗಿದ್ದರೆ ಅಷ್ಟೆಲ್ಲ ಬಿಚ್ಚಿ ಕೊನೆಗೆ ಎಂಟರಲ್ಲಿ ಏಳು ಪಾಲು ಬಿಸಾಡಿದಂತೆ.

ಮೊದಲ ದಾರಿ: ವಿಡಿಯೊಗ್ರಾಫರ್‌ಗೆ ಫೋನ್ ಮಾಡಿ, "1080ಪಿ, ಎಚ್.264, ಎಂಪಿ4ನಲ್ಲಿ ಇನ್ನೊಂದು ಕಾಪಿ ಕೊಡಿ" ಎಂದು ಕೇಳಿ. ಇಷ್ಟೇ ಮಾತು ಸಾಕು, ಅವರಿಗೆ ಅರ್ಥವಾಗುತ್ತದೆ. ಅವರ ಬಳಿ ಎಡಿಟ್ ಮಾಡಿದ ಪ್ರಾಜೆಕ್ಟ್ ಇದ್ದರೆ ಎಕ್ಸ್‌ಪೋರ್ಟ್ ಮಾಡುವುದು ಕಷ್ಟವಲ್ಲ. ತಡಮಾಡಿದರೆ ಅವರು ಜಾಗ ಖಾಲಿಮಾಡಲು ಅಳಿಸಿರುತ್ತಾರೆ. ಮುಂದೆ ಮದುವೆ ಗೊತ್ತುಮಾಡುವವರು ಅಡ್ವಾನ್ಸ್ ಕೊಡುವಾಗಲೇ ಎರಡೂ ಕಾಪಿ ಬೇಕೆಂದು ಹೇಳಿಬಿಡಿ.

ಎರಡನೇ ದಾರಿ, ನೀವೇ ಬದಲಿಸಿಕೊಳ್ಳುವುದು. ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಫೈಲನ್ನು ಅದರೊಳಗೆ ಎಳೆದು ಬಿಟ್ಟು, ಪ್ರಿಸೆಟ್‌ನಲ್ಲಿ "ಫಾಸ್ಟ್ 720ಪಿ30" ಆರಿಸಿ, ಬೇರೆ ಹೆಸರು ಕೊಟ್ಟು ಸ್ಟಾರ್ಟ್ ಒತ್ತಿ. ಈ ಕೆಲಸವನ್ನು ಹಳೆಯ ಕಂಪ್ಯೂಟರ್‌ನಲ್ಲಿ ಮಾಡಬೇಡಿ. ಬೆಂಗಳೂರಿನಿಂದ ಮಗ ಹಬ್ಬಕ್ಕೆ ಬಂದಾಗ ಅವನ ಲ್ಯಾಪ್‌ಟಾಪ್‌ನಲ್ಲಿ ಹಚ್ಚಿ. ಹಳೆಯದರಲ್ಲೇ ಮಾಡಬೇಕಾಗಿ ಬಂದರೆ ರಾತ್ರಿ ಹಚ್ಚಿಟ್ಟು ಮಲಗಿ, ಮಳೆಗಾಲದಲ್ಲಂತೂ ಯುಪಿಎಸ್ ಇಲ್ಲದೆ ಶುರುಮಾಡಬೇಡಿ. ಮಧ್ಯೆ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ.

ಏನೇ ಮಾಡಿದರೂ ಮೂಲ ಫೈಲನ್ನು ಅಳಿಸಬೇಡಿ. 720ಪಿ ಕಾಪಿ ಈಗ ನೋಡುವುದಕ್ಕೆ, 4ಕೆ ಮೂಲ ಮೊಮ್ಮಕ್ಕಳಿಗೆ. ಅದನ್ನು ಇನ್ನೊಂದು ಹಾರ್ಡ್‌ಡಿಸ್ಕ್‌ನಲ್ಲೂ ಇಡಿ, ಪೆನ್‌ಡ್ರೈವ್ ಒಂದನ್ನೇ ನಂಬಬೇಡಿ. ಕಾಪಿ ಮಾಡುವಾಗ "ಫೈಲ್ ದೊಡ್ಡದಾಯಿತು" ಎಂದು ಹೇಳಿದರೆ ಆ ಡ್ರೈವ್ ಫ್ಯಾಟ್32 ಫಾರ್ಮ್ಯಾಟ್‌ನಲ್ಲಿದೆ. ಅದರಲ್ಲಿ 4 ಜಿಬಿ ಮೀರಿದ ಒಂದೇ ಫೈಲ್ ಹಿಡಿಯುವುದಿಲ್ಲ. ಡ್ರೈವ್ ಖಾಲಿಯಿದ್ದರೆ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ.

ನಾವೇ ಮೊಬೈಲ್‌ನಲ್ಲಿ ತೆಗೆದ ವಿಡಿಯೊ ಕೂಡ ಹೀಗೇ.

ಕಾರಣವೂ ಅದೇ. ಮೊಬೈಲ್ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ 4ಕೆಯಿಂದ 1080ಪಿಗೆ, 60ರಿಂದ 30 ಫ್ರೇಮ್‌ಗೆ ಇಳಿಸಿ. ಐಫೋನ್‌ನಲ್ಲಿ ಫಾರ್ಮ್ಯಾಟ್ಸ್ ಎಂಬಲ್ಲಿ "ಮೋಸ್ಟ್ ಕಂಪ್ಯಾಟಿಬಲ್" ಆರಿಸಿದರೆ ಎಚ್.264ನಲ್ಲಿ ಉಳಿಸುತ್ತದೆ. ಕೆಲವು ಆಂಡ್ರಾಯ್ಡ್ ಫೋನ್‌ಗಳಲ್ಲೂ ಎಚ್‌ಇವಿಸಿ ಎಂಬ ಆಯ್ಕೆ ಇರುತ್ತದೆ, ಅದನ್ನು ಆಫ್ ಮಾಡಿ.

ವಿಡಿಯೊ ಓಡಿಸುವ ವಿಎಲ್‌ಸಿ ಪ್ಲೇಯರ್‌ನಲ್ಲಿ ಏನಾದರೂ ಬದಲಿಸಬಹುದೇ?

ಟೂಲ್ಸ್, ಪ್ರಿಫರೆನ್ಸಸ್, ಅಲ್ಲಿ ಇನ್‌ಪುಟ್ ಮತ್ತು ಕೋಡೆಕ್ಸ್ ಎಂಬ ಪುಟ. ಹಾರ್ಡ್‌ವೇರ್ ಡಿಕೋಡಿಂಗ್ ಎಂಬುದು ಆಟೊಮ್ಯಾಟಿಕ್ ಇರಲಿ. ಅದರ ಕೆಳಗೆ ಎಚ್.264ಗೆ ಲೂಪ್ ಫಿಲ್ಟರ್ ಬಿಟ್ಟುಬಿಡುವ ಆಯ್ಕೆ ಇದೆ, ಅದನ್ನು "ಆಲ್" ಮಾಡಿದರೆ ಚಿತ್ರದ ಅಂಚುಗಳು ಸ್ವಲ್ಪ ಒರಟಾಗಿ ಕಂಡರೂ ಪ್ರೊಸೆಸರ್‌ಗೆ ಹಗುರ. ಕೋರ್ 2 ಡ್ಯುಯೊದಂಥ ಯಂತ್ರದಲ್ಲಿ ಇದು ಕಣ್ಣಿಗೆ ಕಾಣುವಷ್ಟು ನೆರವಾಗುತ್ತದೆ. ಪೆನ್‌ಡ್ರೈವ್‌ನಿಂದ ನೋಡುವವರು, ಕೆಳಗೆ ಶೋ ಸೆಟ್ಟಿಂಗ್ಸ್ ಎಂಬಲ್ಲಿ "ಆಲ್" ಆರಿಸಿದರೆ ಸಿಗುವ ಫೈಲ್ ಕ್ಯಾಶಿಂಗ್ ಅನ್ನು 3000 ಮಿಲಿಸೆಕೆಂಡ್ ಮಾಡಿಕೊಳ್ಳಿ. ಬದಲಿಸಿದ ಮೇಲೆ ಸೇವ್ ಒತ್ತಿ, ವಿಎಲ್‌ಸಿ ಮುಚ್ಚಿ ಮತ್ತೆ ತೆರೆಯಿರಿ.

ವಿಎಲ್‌ಸಿಯಲ್ಲಿ ಆಗದ್ದು ಎಂಪಿವಿ ಅಥವಾ ಎಂಪಿಸಿ-ಎಚ್‌ಸಿ ಪ್ಲೇಯರ್‌ನಲ್ಲಿ ಓಡಿದ ಉದಾಹರಣೆಗಳಿವೆ. ಎರಡೂ ಉಚಿತ, ಹಾಕಿ ನೋಡಲು ಅಂಜಬೇಕಿಲ್ಲ. ಆದರೆ ಇಂಟರ್‌ನೆಟ್‌ನಲ್ಲಿ ಸಿಗುವ ಕೋಡೆಕ್ ಪ್ಯಾಕ್‌ಗಳನ್ನು ಒಂದರ ಮೇಲೊಂದು ತುಂಬಬೇಡಿ. ಈ ಪ್ಲೇಯರ್‌ಗಳಿಗೆ ಬೇಕಾದ್ದೆಲ್ಲ ಅವುಗಳ ಒಳಗೇ ಇರುತ್ತದೆ.

ಫಾರ್ಮ್ಯಾಟ್ ಮಾಡಿಸಿಕೊಂಡು ಬಂದ ಮೇಲೆ ವಿಡಿಯೊ ಇನ್ನೂ ಹದಗೆಟ್ಟಿತು. ಹೀಗೂ ಆಗುತ್ತದೆಯೇ?

ಆಗುತ್ತದೆ, ಬಹಳ ಆಗುತ್ತದೆ. ಸ್ಟಾರ್ಟ್ ಬಟನ್ ಮೇಲೆ ಬಲ ಬಟನ್ ಒತ್ತಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಡಿಸ್‌ಪ್ಲೇ ಅಡಾಪ್ಟರ್ಸ್ ಎಂಬುದರ ಕೆಳಗೆ "ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್" ಎಂದಿದ್ದರೆ ಗ್ರಾಫಿಕ್ಸ್ ಡ್ರೈವರ್ ಹಾಕದೆ ಕಳಿಸಿದ್ದಾರೆ. ಪರದೆ ಕಾಣುತ್ತದೆ, ಮೌಸ್ ಓಡುತ್ತದೆ, ಆದರೆ ವಿಡಿಯೊ ಬಿಚ್ಚುವ ಚಿಪ್ ಮಲಗಿರುತ್ತದೆ. ಕಂಪ್ಯೂಟರ್ ಕಂಪನಿಯ ಸೈಟಿನಲ್ಲಿ ನಿಮ್ಮ ಮಾಡೆಲ್ ಹೆಸರು ಕೊಟ್ಟು ಡ್ರೈವರ್ ಇಳಿಸಿ ಹಾಕಿ. ಡ್ರೈವರ್ ಹುಡುಕಿ ಕೊಡುತ್ತೇವೆ ಎನ್ನುವ ಬೇರೆ ಸಾಫ್ಟ್‌ವೇರ್‌ಗಳು ಬೇಡ.

ಡ್ರೈವರ್ ಸರಿಯಿದ್ದರೆ ಕ್ರೋಮ್‌ನ ಸೆಟ್ಟಿಂಗ್ಸ್, ಸಿಸ್ಟಮ್‌ನಲ್ಲಿ ಗ್ರಾಫಿಕ್ಸ್ ಆಕ್ಸಲರೇಶನ್ ಆನ್ ಇದೆಯೇ ನೋಡಿ. ಸಾಮಾನ್ಯವಾಗಿ ಆನ್ ಇರಬೇಕು. ಹಸಿರು ಗೆರೆ, ಕಪ್ಪು ಪರದೆ ಬರುತ್ತಿದ್ದರೆ ಮಾತ್ರ ಆಫ್ ಮಾಡಿ ನೋಡಿ.

ಕೆಲಸ ಯಾರು ಮಾಡುತ್ತಿದ್ದಾರೆಂದು ವಿಂಡೋಸ್ 10ರ ಟಾಸ್ಕ್ ಮ್ಯಾನೇಜರ್ ತೋರಿಸುತ್ತದೆ. ಪರ್ಫಾರ್ಮೆನ್ಸ್ ಪುಟದಲ್ಲಿ ವಿಡಿಯೊ ಓಡುವಾಗ ಸಿಪಿಯು (ಇಲ್ಲಿ ಪ್ರೊಸೆಸರ್) ಶೇಕಡಾ 100 ಮುಟ್ಟಿ, ಜಿಪಿಯು (ಗ್ರಾಫಿಕ್ಸ್ ಚಿಪ್) ಅಡಿಯ ವಿಡಿಯೊ ಡಿಕೋಡ್ ಗೆರೆ ಸೊನ್ನೆಯಲ್ಲೇ ಮಲಗಿದ್ದರೆ ಇಡೀ ಹೊರೆ ಪ್ರೊಸೆಸರ್ ಮೇಲಿದೆ. ತೀರಾ ಹಳೆಯ ಡ್ರೈವರ್ ಇದ್ದಲ್ಲಿ ಜಿಪಿಯು ಪುಟವೇ ಕಾಣದಿರಬಹುದು.

ಮೊದಲ ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಕುಂಟುತ್ತದೆ.

ಬಿಸಿ. ಪ್ರೊಸೆಸರ್ 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋದಾಗ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಫ್ಯಾನ್ ಜೋರಾಗಿ ಕೂಗಿ, ಆಮೇಲೆ ವಿಡಿಯೊ ನಿಧಾನವಾದರೆ ಇದೇ.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಎರಡು ಋತುಗಳಿವೆ. ಕಾಫಿ ಕೊಯ್ಲಿನ ಮೇಲೆ ಕಣದಲ್ಲಿ ಒಣಗಿಸುವಾಗ ಏಳುವ ಸಣ್ಣ ಧೂಳು ಮನೆಯೊಳಗೆಲ್ಲ ಬರುತ್ತದೆ. ಅದು ಫ್ಯಾನ್ ಹಿಂದಿನ ತಗಡಿನ ಸಂದುಗಳಲ್ಲಿ ಕೂತು, ಮಳೆಗಾಲದ ತೇವ ಸೇರಿ ಕಂಬಳಿಯಂತೆ ಗಟ್ಟಿಯಾಗುತ್ತದೆ. ಹೊರಗಿನಿಂದ ಒರೆಸಿದರೆ ಹೋಗುವುದಿಲ್ಲ. ಡೆಸ್ಕ್‌ಟಾಪ್ ಆದರೆ ವೈರ್ ತೆಗೆದು, ಪಕ್ಕದ ತಗಡು ಬಿಚ್ಚಿ, ಬ್ಲೋವರ್‌ನಿಂದ ಊದಿ. ಊದುವಾಗ ಫ್ಯಾನ್ ತಿರುಗದಂತೆ ಒಂದು ಬೆರಳು ಅಡ್ಡವಿಡಿ. ಹತ್ತು ವರ್ಷದ ಯಂತ್ರದಲ್ಲಿ ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದಂತಾಗಿರುತ್ತದೆ, ಅದನ್ನು ಹೊಸದಾಗಿ ಹಚ್ಚಿಸಬೇಕು. ಲ್ಯಾಪ್‌ಟಾಪ್ ಬಿಚ್ಚಲು ಮಾತ್ರ ಹೋಗಬೇಡಿ, ಅದನ್ನು ತನ್ನಿ. ಹಾಸಿಗೆಯ ಮೇಲೆ, ಕಂಬಳಿಯ ಮೇಲೆ ಇಟ್ಟು ಸಿನಿಮಾ ನೋಡುವವರು ಮೊದಲು ಅದನ್ನು ಮೇಜಿನ ಮೇಲಿಟ್ಟು ನೋಡಿ.

ಲ್ಯಾಪ್‌ಟಾಪ್ ಚಾರ್ಜರ್ ತೆಗೆದರೆ ಕುಂಟುತ್ತದೆ.

ಬ್ಯಾಟರಿ ಉಳಿಸಲು ವೇಗ ತಗ್ಗಿಸುತ್ತದೆ. ಚಾರ್ಜರ್ ಹಾಕಿ ನೋಡಿ, ಬ್ಯಾಟರಿ ಸೇವರ್ ಆಫ್ ಮಾಡಿ. ಕೆಲವು ಲ್ಯಾಪ್‌ಟಾಪ್‌ಗಳು ತಮ್ಮದಲ್ಲದ ಚಾರ್ಜರ್ ಹಾಕಿದರೂ ವೇಗ ತಗ್ಗಿಸುತ್ತವೆ.

ಮಳೆಗಾಲ ಬಂದರೆ ಕಂಪ್ಯೂಟರ್ ಆಗಾಗ ಹ್ಯಾಂಗ್ ಆಗುತ್ತದೆ, ವಿಡಿಯೊ ಮಧ್ಯೆ ನೀಲಿ ಪರದೆ ಬರುತ್ತದೆ.

ಸಕಲೇಶಪುರದ ಮಳೆಯಲ್ಲಿ ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ. ರ್ಯಾಮ್‌ನ ಹಿತ್ತಾಳೆ ಬಣ್ಣದ ಕಾಲುಗಳ ಮೇಲೂ ತೇವ, ಕಿಲುಬು ಕೂರುತ್ತದೆ. ಪ್ಲಗ್ ತೆಗೆದು, ರ್ಯಾಮ್ ಹೊರತೆಗೆದು, ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಆ ಕಾಲುಗಳನ್ನು ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಟಕ್ ಎನ್ನುವವರೆಗೆ ಒತ್ತಿ ಕೂರಿಸಿ. ಕಂಪ್ಯೂಟರನ್ನು ದಿನಕ್ಕೊಂದು ಗಂಟೆಯಾದರೂ ಆನ್ ಇಡಿ. ಅದರ ಬಿಸಿಯೇ ಅದರ ತೇವ ಒಣಗಿಸುತ್ತದೆ.

ರ್ಯಾಮ್ ಹಾಕಿಸಲೇ, ಎಸ್‌ಎಸ್‌ಡಿ ಹಾಕಿಸಲೇ, ಗ್ರಾಫಿಕ್ಸ್ ಕಾರ್ಡ್ ಹಾಕಿಸಲೇ?

ಹಳೆಯ ಹಾರ್ಡ್‌ಡಿಸ್ಕ್ ಬದಲಿಗೆ ಎಸ್‌ಎಸ್‌ಡಿ ಹಾಕಿಸಿದರೆ ಕಂಪ್ಯೂಟರ್ ಬೇಗ ತೆರೆಯುತ್ತದೆ, ಬ್ರೌಸರ್ ಬೇಗ ಬರುತ್ತದೆ. ಅದು ಒಳ್ಳೆಯ ಖರ್ಚೇ. ಆದರೆ ವಿಡಿಯೊ ಬಿಚ್ಚುವ ಕೆಲಸಕ್ಕೆ ಅದರಿಂದ ನೆರವಿಲ್ಲ. 2 ಜಿಬಿ ರ್ಯಾಮ್ ಇದ್ದರೆ 4 ಅಥವಾ 8 ಮಾಡಿಸಿ, ಈಗಿನ ಬ್ರೌಸರ್‌ಗೆ 2 ಸಾಲದು. 8 ಇದ್ದವರು 16 ಮಾಡಿಸಿದರೆ ವಿಡಿಯೊಗೆ ಏನೂ ಸಿಗುವುದಿಲ್ಲ.

ಡೆಸ್ಕ್‌ಟಾಪ್ ಇದ್ದು 4ಕೆ ಮದುವೆ ವಿಡಿಯೊ ನೋಡಲೇಬೇಕೆಂದರೆ ಗ್ರಾಫಿಕ್ಸ್ ಕಾರ್ಡ್ ಸರಿಯಾದ ದಾರಿ. ಇಲ್ಲಿ ಎಚ್ಚರ ಬೇಕು. ಜಿಟಿ 710 ಕಡಿಮೆ ಬೆಲೆಗೆ ಸಿಗುತ್ತದೆ, ಅದು ಎಚ್.265 ಆಗಲಿ ವಿಪಿ9 ಆಗಲಿ ಬಿಚ್ಚುವುದಿಲ್ಲ. "ಗ್ರಾಫಿಕ್ಸ್ ಕಾರ್ಡ್ ಹಾಕಿಸಿದೆ, ಏನೂ ಆಗಲಿಲ್ಲ" ಎಂದು ಬರುವವರ ಕೈಯಲ್ಲಿ ಹೆಚ್ಚಾಗಿ ಇರುವುದು ಅದೇ. ಜಿಟಿ 1030 ಎರಡನ್ನೂ ಬಿಚ್ಚುತ್ತದೆ, 30 ವ್ಯಾಟ್‌ನಷ್ಟೇ ಕರೆಂಟ್ ತಿನ್ನುತ್ತದೆ, ಬೇರೆ ಪವರ್ ಕೇಬಲ್ ಬೇಡ. ಎವಿ1 ಅದಕ್ಕೂ ಬರುವುದಿಲ್ಲ. ಕ್ಯಾಬಿನೆಟ್ ಸಣ್ಣದಾಗಿದ್ದರೆ ಗಿಡ್ಡ ಕಾರ್ಡ್ ಕೇಳಿ ತನ್ನಿ. ಲ್ಯಾಪ್‌ಟಾಪ್‌ಗೆ ಈ ದಾರಿ ಇಲ್ಲ.

ವಿಂಡೋಸ್ 7 ಇದೆ. ಅದರಲ್ಲೇ ಇರಲೇ?

ನೆಟ್‌ಗೆ ಹೋಗುವ ಕಂಪ್ಯೂಟರ್‌ನಲ್ಲಿ ಬೇಡ. ಮೈಕ್ರೋಸಾಫ್ಟ್ 2020ರ ಜನವರಿಯಲ್ಲಿ ವಿಂಡೋಸ್ 7 ಕೈಬಿಟ್ಟಿತು, ಕ್ರೋಮ್ ಕೂಡ 109ನೇ ಆವೃತ್ತಿಗೆ ನಿಂತಿತು. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲ ಮುಗಿದಿದೆ. ಇಂಥ ಯಂತ್ರಗಳಿಗೆ ನಾನು ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿಕೊಡುತ್ತೇನೆ. ದುಡ್ಡಿಲ್ಲ, ಹಗುರ, ಕನ್ನಡ ಟೈಪಿಂಗ್ ಇದೆ. ಇಂಟೆಲ್ ಗ್ರಾಫಿಕ್ಸ್ ಇದ್ದರೆ ಅದರಲ್ಲಿ ಫೈರ್‌ಫಾಕ್ಸ್ ಬಳಸಿ, 115ನೇ ಆವೃತ್ತಿಯಿಂದ ಅದು ಚಿಪ್‌ನ ನೆರವನ್ನು ತಾನಾಗೇ ಪಡೆಯುತ್ತದೆ. ಪೂರ್ತಿ ಬದಲಿಸುವ ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು.

ಹಳೆಯ ಮದುವೆ ಡಿವಿಡಿ ಹಾಕಿದರೆ ಬಾಚಣಿಗೆ ಹಲ್ಲಿನಂತೆ ಗೆರೆ ಬರುತ್ತದೆ, ನಡುನಡುವೆ ನಿಲ್ಲುತ್ತದೆ.

ಎರಡು ಬೇರೆ ಬೇರೆ ವಿಷಯ. ಗೆರೆಗಳು ಡಿಸ್ಕ್‌ನ ದೋಷವಲ್ಲ. ಆ ಕಾಲದ ಕ್ಯಾಮೆರಾ ಹಳೆಯ ಟಿವಿಗಾಗಿ ಒಂದು ಫ್ರೇಮನ್ನು ಎರಡು ಭಾಗ ಮಾಡಿ, ಬೆಸ ಗೆರೆಗಳನ್ನು ಒಮ್ಮೆ, ಸಮ ಗೆರೆಗಳನ್ನು ಒಮ್ಮೆ ಹಿಡಿಯುತ್ತಿತ್ತು. ವಿಎಲ್‌ಸಿಯಲ್ಲಿ ವಿಡಿಯೊ ಮೆನುವಿನ ಡೀಇಂಟರ್‌ಲೇಸ್ ಆನ್ ಮಾಡಿ, ಗೆರೆ ಹೋಗುತ್ತದೆ.

ನಿಲ್ಲುವುದು ಡಿಸ್ಕ್ ಓದಲಾಗದೆ. ಮಲೆನಾಡಿನಲ್ಲಿ ಡಿಸ್ಕ್‌ಗೆ ಬೂಷ್ಟು ಹಿಡಿಯುತ್ತದೆ. ಮೆದು ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಸುತ್ತ ಒರೆಸಬೇಡಿ. ಓದಿದ ಕೂಡಲೇ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಿ. ಒಂದು ಡಿವಿಡಿ 4.7 ಜಿಬಿ ಮೀರುವುದು ಅಪರೂಪ. ಇದನ್ನು ಮುಂದಕ್ಕೆ ಹಾಕಬೇಡಿ ಎಂದು ಕೈಮುಗಿದು ಕೇಳುತ್ತೇನೆ. ತೀರಿಕೊಂಡ ತಂದೆಯವರ ಮಾತು, ನಡಿಗೆ ಇರುವುದು ಆ ಒಂದೇ ಡಿಸ್ಕ್‌ನಲ್ಲಿ ಎಂದು ತಂದವರಿಗೆ ಏನೂ ಉಳಿಸಿಕೊಡಲಾಗದೆ ಕಳಿಸಿದ್ದೇನೆ.

ಎಚ್‌ಡಿಎಂಐ ಹಾಕಿ ದೊಡ್ಡ ಟಿವಿಯಲ್ಲಿ ನೋಡಿದರೆ ಇನ್ನೂ ಕುಂಟುತ್ತದೆ.

ಟಿವಿ 4ಕೆ ಆಗಿದ್ದರೆ ಕಂಪ್ಯೂಟರ್ ಇಡೀ ಪರದೆಯನ್ನು 4ಕೆಯಲ್ಲಿ ಬಿಡಿಸಲು ಹೆಣಗುತ್ತಿರುತ್ತದೆ. ಹಳೆಯ ಎಚ್‌ಡಿಎಂಐ 1.4ರಲ್ಲಿ 4ಕೆ ಸೆಕೆಂಡಿಗೆ 30 ಸಲ ಮಾತ್ರ ಹೋಗುತ್ತದೆ, ಮೌಸೇ ಎಳೆದಂತಾಗುತ್ತದೆ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 1920×1080ಕ್ಕೆ ಇಳಿಸಿ.

ಇನ್ನೊಂದು ಸೂಕ್ಷ್ಮವಿದೆ. ನಮ್ಮ ವಿಡಿಯೊಗ್ರಾಫರ್‌ಗಳು ಹೆಚ್ಚಾಗಿ 25 ಫ್ರೇಮ್‌ನಲ್ಲಿ ಹಿಡಿಯುತ್ತಾರೆ, ಪರದೆ ಸೆಕೆಂಡಿಗೆ 60 ಸಲ ಬದಲಾಗುತ್ತದೆ. 60ನ್ನು 25ರಿಂದ ಭಾಗಿಸಿದರೆ 2.4. ಹಾಗಾಗಿ ಒಂದು ಫ್ರೇಮ್ ಎರಡು ಸಲ, ಮತ್ತೊಂದು ಮೂರು ಸಲ ಕಾಣುತ್ತದೆ. ಕ್ಯಾಮೆರಾ ಮಂಟಪದ ಈ ತುದಿಯಿಂದ ಆ ತುದಿಗೆ ಸರಿಯುವಾಗ ಸಣ್ಣ ನಡುಕ ಕಾಣುವುದು ಇದರಿಂದ. ಟಿವಿ 50 ಹರ್ಟ್ಸ್ (ಸೆಕೆಂಡಿಗೆ 50 ಸಲ) ಒಪ್ಪಿದರೆ ಹಾಗೆ ಇಡಿ, ಒಂದೊಂದು ಫ್ರೇಮ್ ಸರಿಯಾಗಿ ಎರಡು ಸಲ ಬರುತ್ತದೆ.

ಇಷ್ಟೆಲ್ಲ ಏಕೆ, ಅದೇ ಪೆನ್‌ಡ್ರೈವನ್ನು ಟಿವಿಗೇ ಚುಚ್ಚಿ ನೋಡಿ. 4ಕೆ ಟಿವಿಗಳಲ್ಲಿ ಎಚ್.265 ಬಿಚ್ಚುವ ಚಿಪ್ ಸಾಮಾನ್ಯವಾಗಿ ಇರುತ್ತದೆ. ಕಂಪ್ಯೂಟರ್ ಹೊತ್ತು ತಂದ ಎಷ್ಟೋ ಜನರನ್ನು ಇಷ್ಟು ಹೇಳಿಯೇ ವಾಪಸ್ ಕಳಿಸಿದ್ದೇನೆ.

ಧ್ವನಿ ಮುಂದೆ, ಚಿತ್ರ ಹಿಂದೆ. ವಿಡಿಯೊ ಕುಂಟುತ್ತಿಲ್ಲ.

ವಿಎಲ್‌ಸಿಯಲ್ಲಿ ಕೆ ಒತ್ತಿದರೆ ಧ್ವನಿ 50 ಮಿಲಿಸೆಕೆಂಡ್ ತಡವಾಗುತ್ತದೆ, ಜೆ ಒತ್ತಿದರೆ ಅಷ್ಟೇ ಬೇಗವಾಗುತ್ತದೆ. ಬ್ಲೂಟೂತ್ ಸ್ಪೀಕರ್ ಇದ್ದರೆ ವೈರ್ ಸ್ಪೀಕರ್ ಹಾಕಿ ನೋಡಿ.

ಎಲ್ಲ ಮಾಡಿದೆ, ಆಗಲಿಲ್ಲ. ಅಂಗಡಿಗೆ ಬರುವಾಗ ಏನು ತರಲಿ?

ಬರುವ ಮೊದಲು ಫೋನ್ ಮಾಡಿ ಮೂರು ವಿಷಯ ಹೇಳಿ: ಪ್ರೊಸೆಸರ್ ಹೆಸರು, ಉಂಗುರ ಸುತ್ತುತ್ತದೆಯೋ ಇಲ್ಲವೋ, ವಿಡಿಯೊ ಯಾವ ಕೋಡೆಕ್. ಕೋಡೆಕ್ ತಿಳಿಯಲು ವಿಎಲ್‌ಸಿಯಲ್ಲಿ ಟೂಲ್ಸ್, ಕೋಡೆಕ್ ಇನ್‌ಫರ್ಮೇಶನ್ ನೋಡಿ. ಅರ್ಧದಷ್ಟು ತೀರ್ಮಾನ ಫೋನಿನಲ್ಲೇ ಆಗುತ್ತದೆ. ಬರಲೇಬೇಕಾದರೆ ಡೆಸ್ಕ್‌ಟಾಪ್‌ನ ಮಾನಿಟರ್, ಕೀಬೋರ್ಡ್ ಬೇಡ, ಸಿಪಿಯು ಪೆಟ್ಟಿಗೆಯೊಂದೇ ಸಾಕು. ಲ್ಯಾಪ್‌ಟಾಪ್ ಆದರೆ ಚಾರ್ಜರ್ ತಪ್ಪದೆ ತನ್ನಿ. ಕುಂಟುವ ವಿಡಿಯೊ ಇರುವ ಪೆನ್‌ಡ್ರೈವನ್ನೂ ಜೇಬಿನಲ್ಲಿ ಹಾಕಿಕೊಳ್ಳಿ. ಅದಿಲ್ಲದೆ ಬಂದರೆ ನನ್ನ ಬಳಿ ಇರುವ ವಿಡಿಯೊ ಸಲೀಸಾಗಿ ಓಡುತ್ತದೆ, ನಿಮ್ಮದು ಏಕೆ ಓಡುವುದಿಲ್ಲವೆಂದು ತಿಳಿಯುವುದಿಲ್ಲ.